ಯೋಸಿಪ್ ಸಾಹೇಬರೂ ನಾನು ಬರೆದ ಚೀಟಿಯೂ

ಕಳೆದ ಭಾನುವಾರ ಭದ್ರಾವತಿಯ ಮೈದಾನದಲ್ಲಿ ನನ್ನ ಭಾವನ ಮಂಡಿ ಮುರಿದವನು ನಾನು.

ಹೊಡೆದಾಟ ಅಂದುಕೊಳ್ಳಬೇಡಿ. ನಾನು ಅವರ ಹತ್ತಿರಕ್ಕೂ ಹೋಗಿರಲಿಲ್ಲ. ಗೆರೆಯಿಂದಾಚೆ ಕುರ್ಚಿ ಹಾಕಿಸಿಕೊಂಡು ಕಡ್ಲೆಕಾಯಿ ಬಿಡಿಸುತ್ತಾ ಕೂತಿದ್ದೆ. ಆದರೂ ಮುರಿದವನು ನಾನೇ. ವಾರವಾಗುತ್ತಾ ಬಂತು. ನಿಮ್ಮ ಹತ್ತಿರ ಹೇಳದೆ ಇನ್ಯಾರ ಹತ್ತಿರ ಹೇಳಲಿ?

ಭಾವ ಅಂದರೆ ನನ್ನ ಅಕ್ಕನ ಯಜಮಾನರು, ರುದ್ರಪ್ಪ. ಭದ್ರಾವತಿಯ ಕಾರ್ಖಾನೆಯಲ್ಲಿ ಲೇತ್ ಯಂತ್ರದ ಕೆಲಸ. ಎಂಟು ಗಂಟೆ ನಿಂತೇ ಮಾಡುವ ಕೆಲಸ (ಇದನ್ನು ನೆನಪಿಟ್ಟುಕೊಳ್ಳಿ). ಸಂಜೆಯಾದರೆ ಫುಟ್‌ಬಾಲ್. ಅಲ್ಲಿನ ಒಂದು ಸಂಘಕ್ಕೆ (ಹೆಸರು ಬೇಡ, ಎಲ್ಲರೂ ಬೇಕಾದವರೇ) ಹತ್ತು ವರ್ಷದಿಂದ ಅವರೇ ಕ್ಯಾಪ್ಟನ್.

ಈ ಸಂಘಕ್ಕೆ ಈ ಸಲ ಒಬ್ಬ ಮ್ಯಾನೇಜರ್ ಬಂದರು. ಬ್ಯಾಂಕಿನ ಮ್ಯಾನೇಜರ್ ಅಲ್ಲ. ಆಟಗಾರರನ್ನು ಆರಿಸಿ, ಓಡಿಸಿ, ಬೈದು, ತಿದ್ದುವವರು. ಹೆಸರು ಯೋಸಿಪ್. ಯುಗೊಸ್ಲಾವಿಯಾ ದೇಶದ ಕ್ರೊಯೇಷಿಯಾ ಸೀಮೆಯವರು. (ಭೂಪಟದಲ್ಲಿ ಹುಡುಕಿ ನಾನು ಕಣ್ಣು ನೋಯಿಸಿಕೊಂಡಿದ್ದೇನೆ. ಇಟಲಿಯ ಎದುರುದಂಡೆ.) ಹಡಗು ಕಟ್ಟುವ ಊರಿನಲ್ಲಿ ಹುಟ್ಟಿ, ಅಲ್ಲಿನ ತಂಡಕ್ಕೆ ಆಡಿ ಹೆಸರು ಮಾಡಿದವರಂತೆ. ಮಂಡಿ ಕೈಕೊಟ್ಟ ಮೇಲೆ ಪರದೇಶಗಳಲ್ಲಿ ಮ್ಯಾನೇಜರ್ ಆಗಿ ತಿರುಗಿ, ಕಲ್ಕತ್ತಾ ದಾಟಿ, ಮೂರು ತಿಂಗಳು ಮಾತ್ರ ಇರುವ ಮಾತಿನ ಮೇಲೆ ನಮ್ಮ ಭದ್ರಾವತಿಗೆ ಬಂದಿಳಿದಿದ್ದರು.

ಪತ್ರಿಕೆಯವನೆಂಬ ಜಂಬದಲ್ಲಿ ಮೊದಲ ವಾರವೇ ನೋಡಲು ಹೋದೆ. ಅವರದು ಹರಕು ಇಂಗ್ಲಿಷ್, ನನ್ನದು ವ್ಯಾಕರಣದ ಇಂಗ್ಲಿಷ್. ಹೇಗೋ ಮಾತು ನಡೆಯಿತು.

"ಎಲ್ಲೆಲ್ಲಿ ಕೆಲಸ ಮಾಡಿದ್ದೀರಿ?" ಅಂದೆ.

ಬೆರಳು ಮಡಚಿದರು. ಆಸ್ಟ್ರಿಯಾ, ಗ್ರೀಸ್, ಟರ್ಕಿ, ಈಜಿಪ್ಟ್, ಕಲ್ಕತ್ತಾ. "ಐದು ಕಡೆಯೂ ನನ್ನನ್ನು ತೆಗೆದುಹಾಕಿದರು" ಎಂದರು, ಪಾಸು ಮಾಡಿದ ಪರೀಕ್ಷೆಗಳ ಪಟ್ಟಿ ಹೇಳುವ ಹಾಗೆ.

ನಮ್ಮಲ್ಲಿ ಒಂದು ಕಡೆ ಕೆಲಸ ಹೋದರೆ ಹೆಣ್ಣು ಕೊಡುವವರಿಲ್ಲ. ಐದು ಕಡೆ?

"ಯಾಕೆ ಸಾಹೇಬರೇ?"

"ಪ್ರತಿ ಊರಲ್ಲೂ ಯಾರದೋ ಭಾವನನ್ನೋ ಅಳಿಯನನ್ನೋ ತಂಡದಿಂದ ಬಿಟ್ಟಿರುತ್ತೇನೆ."

ಹೊಟ್ಟೆ ಹಿಡಿದುಕೊಂಡು ನಕ್ಕೆ. ನಕ್ಕೆ ನೋಡಿ!

ಹದಿನೈದು ದಿನಕ್ಕೆ ಪಟ್ಟಿ ಹೊರಬಿತ್ತು. ಶಿವಮೊಗ್ಗದವರ ಮೇಲಿನ ಪಂದ್ಯಕ್ಕೆ ಹನ್ನೊಂದು ಜನ. ಅದರಲ್ಲಿ ರುದ್ರಪ್ಪ ಇಲ್ಲ.

ಸುದ್ದಿ ಕೇಳಿ ಬಸ್ಸು ಹಿಡಿದು ಅಕ್ಕನ ಮನೆಗೆ ಓಡಿದೆ. ಜಗಲಿಯ ತುಂಬ ಜನ. ಎಲ್ಲರೂ ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದಾರೆ. ಒಲೆ ಹಚ್ಚಿರಲಿಕ್ಕಿಲ್ಲ ಅಂತ ಪಕ್ಕದ ಮನೆಯ ತಮಿಳು ಅಮ್ಮ ಒಂದು ಪಾತ್ರೆ ಪುಳಿಯೋಗರೆ ತಂದಿಟ್ಟಿದ್ದಾರೆ. ಭಾವ ಮಾತ್ರ ಮೂಲೆಯಲ್ಲಿ ಪೇಪರ್ ಓದುತ್ತಾ ಕೂತಿದ್ದರು. ಪಾಪ, ದುಃಖ ಮುಚ್ಚಿಕೊಳ್ಳುತ್ತಿದ್ದಾರೆ ಅಂದುಕೊಂಡೆ.

ಅಕ್ಕ ನನ್ನನ್ನು ಅಡುಗೆಮನೆಗೆ ಎಳೆದಳು. "ಪೇಪರ್‌ನಲ್ಲಿ ಬರೀತೀಯ, ಅವರು ಗೊತ್ತು ಇವರು ಗೊತ್ತು ಅಂತೀಯ. ನಿನ್ ಭಾವನಿಗೆ ಅಂತ ಒಂದ್ ಮಾತು ಹೇಳಕ್ಕಾಗಲ್ವೇನೋ? ನಾನು ನಲ್ಲಿ ಹತ್ರ ಹೆಂಗೆ ತಲೆ ಎತ್ಲಿ?"

ಇಲ್ಲಿ ಒಂದು ತಪ್ಪೊಪ್ಪಿಗೆ. ಹೋದ ತಿಂಗಳು ಇದೇ ಅಂಕಣದಲ್ಲಿ ವಶೀಲಿಯ ಮೇಲೆ ಬೆಂಕಿ ಕಾರಿದ್ದೆ. ನಿಮ್ಮಲ್ಲಿ ಎಷ್ಟೋ ಜನ ಕಾರ್ಡು ಬರೆದು ಹೊಗಳಿದಿರಿ. ಆ ಕಾರ್ಡುಗಳು ಇನ್ನೂ ಮೇಜಿನ ಮೇಲಿವೆ. ಆದರೆ ಅಕ್ಕನ ಕಣ್ಣೀರು ಬೇರೆ, ಅಂಕಣ ಬೇರೆ, ಅಲ್ಲವೇ?

ಒಂದು ಚಿಪ್ಪು ಬಾಳೆಹಣ್ಣು ಹಿಡಿದು ಯೋಸಿಪ್ ಸಾಹೇಬರ ಮುಂದೆ ನಿಂತೆ. ಅವರು ಒಂದು ಹಣ್ಣು ಸುಲಿದು ತಿಂದರು. ಇನ್ನೊಂದು ಸುಲಿದು ನನ್ನ ಕೈಗೆ ಕೊಟ್ಟರು. ನಾನು ಹತ್ತು ವರ್ಷದ ಸೇವೆ, ಮನೆತನದ ಮರ್ಯಾದೆ ಎಲ್ಲ ಹೇಳಿ ಮುಗಿಸುವವರೆಗೂ ಕಾದು, ಒಂದೇ ಮಾತು ಕೇಳಿದರು.

"ನಿಮ್ಮ ಭಾವನನ್ನು ಕೇಳಿದಿರಾ?"

ಎಂಥ ಪ್ರಶ್ನೆ! ಶಿಫಾರಸು ಯಾರಿಗೆ ಮಾಡುತ್ತೇವೋ ಅವರನ್ನು ಕೇಳುವ ಪದ್ಧತಿ ನಮ್ಮಲ್ಲಿ ಎಲ್ಲಿದೆ? ಈ ಮನುಷ್ಯನಿಗೆ ಲೋಕಜ್ಞಾನವಿಲ್ಲ, ಐದು ಕಡೆ ಓಡಿಸಿದ್ದು ಸುಮ್ಮನೆ ಅಲ್ಲ ಅಂದುಕೊಂಡೆ. ನೇರವಾಗಿ ಸಂಘದ ಸೆಕ್ರೆಟರಿಯ ಮನೆಗೆ ಹೋದೆ. ನನ್ನ ಹೈಸ್ಕೂಲು ಸಹಪಾಠಿ.

"ಅಷ್ಟೇ ತಾನೆ? ಒಂದ್ ಚೀಟಿ ಬರ್ದು ಕೊಡು ಮಾರಾಯ, ಕಮಿಟಿಗೆ ತೋರ್ಸಕ್ಕೆ ಬೇಕು. ಪೇಪರ್‌ನವನ ಚೀಟಿ ಅಂದ್ರೆ ಯಾರೂ ಉಸಿರೆತ್ತಲ್ಲ."

ಬರೆದೆ. ನಾಲ್ಕೇ ಸಾಲು: ರುದ್ರಪ್ಪನವರು ಗಟ್ಟಿಮುಟ್ಟಾಗಿದ್ದಾರೆ, ಆಡಲು ತುದಿಗಾಲಲ್ಲಿ ನಿಂತಿದ್ದಾರೆ ಅಂತ. ಕೆಳಗೆ ದೊಡ್ಡದಾಗಿ ರುಜು. ಯೋಸಿಪ್ ಸಾಹೇಬರು ಕಮಿಟಿಯ ಮುಂದೆ ಮೇಜು ಗುದ್ದಿ ಕೂಗಾಡಿದರಂತೆ. ನಡೆಯಲಿಲ್ಲ. ಭಾವ ಪಟ್ಟಿಗೆ ಬಂದರು. ಅಕ್ಕ ಹೋಳಿಗೆ ಮಾಡಿದಳು.

ಭಾನುವಾರ. ಆಟ ಶುರುವಾಗಿ ಹತ್ತು ನಿಮಿಷ ಆಗಿತ್ತೋ ಇಲ್ಲವೋ. ಮೇಲಿಂದ ಬಂದ ಚೆಂಡಿಗೆ ತಲೆಕೊಡಲು ಭಾವ ಎಗರಿದರು. ಇಳಿದಾಗ ಬಲಗಾಲು ನಿಲ್ಲಲಿಲ್ಲ. ಯಾರೂ ತಾಗಿರಲಿಲ್ಲ, ಯಾರೂ ತಳ್ಳಿರಲಿಲ್ಲ. ಅಷ್ಟು ದೊಡ್ಡ ಮೈದಾನಕ್ಕೆ ಕೇಳುವಂತೆ ಅವರು ಕೂಗಿದರು. ಅಂಥ ಕೂಗು ನಾನು ಅವರ ಬಾಯಲ್ಲಿ ಕೇಳಿದವನೇ ಅಲ್ಲ. ನನ್ನ ಕೈಯಲ್ಲಿದ್ದ ಕಡ್ಲೆಕಾಯಿ ಪೊಟ್ಟಣ ಎಲ್ಲಿ ಬಿತ್ತೋ ಗೊತ್ತಿಲ್ಲ. ಎಲ್ಲರಿಗಿಂತ ಮೊದಲು ಓಡಿದವರು ಯೋಸಿಪ್ ಸಾಹೇಬರು, ಕುಂಟುತ್ತಾ.

ಡಾಕ್ಟರು ಪ್ಲಾಸ್ಟರ್ ಹಾಕಿದರು. "ಆಟ ಮರೆತುಬಿಡಿ" ಎಂದರು. ಲೇತ್ ಮುಂದೆ ನಿಲ್ಲಲು ಆಗುತ್ತದೋ ಇಲ್ಲವೋ ಮೂರು ತಿಂಗಳಾದ ಮೇಲೆ ನೋಡೋಣ ಎಂದರು.

ಆಸ್ಪತ್ರೆಯಲ್ಲಿ ಭಾವನ ಮಂಚದ ಪಕ್ಕ ಯೋಸಿಪ್ ಸಾಹೇಬರು ಕೂತಿದ್ದರು. ನನ್ನನ್ನು ಬೈಯಲಿಲ್ಲ. ಪ್ಯಾಂಟಿನ ಕಾಲು ಮೇಲೆತ್ತಿ ತಮ್ಮ ಮಂಡಿ ತೋರಿಸಿದರು. ಉದ್ದಕ್ಕೂ ಹೊಲಿಗೆಯ ಗುರುತು.

"ನನ್ನ ಮಾವ ನಮ್ಮೂರ ಕ್ಲಬ್ಬಿನ ಅಧ್ಯಕ್ಷ" ಎಂದರು. "ಮಂಡಿ ನೋಯುತ್ತಿದೆ ಅಂತ ನಾನು ಹೊರಗೆ ಕೂತಿದ್ದೆ. ಅಳಿಯನಿಗೆ ಅವಮಾನವಾಯಿತು ಅಂತ ಮಾವ ಆಡಿಸಿದ. ಪ್ರೀತಿಯಿಂದಲೇ ಆಡಿಸಿದ. ಆಮೇಲೆ ನಾನು ಮ್ಯಾನೇಜರ್ ಆದೆ." ಭಾವನ ಕಡೆ ನೋಡಿದರು. "ಮಂಡಿ ಮುರಿದ ಮೇಲೆಯೇ ಮ್ಯಾನೇಜರ್ ಆಗಬೇಕು ಅಂತೇನಿಲ್ಲ. ಮೊದಲೇ ಆಗಬಹುದು. ಇವರನ್ನು ಹಾಗೆ ತಯಾರು ಮಾಡುತ್ತಿದ್ದೆ. ನಾನು ಹೋದ ಮೇಲೆ ತಂಡ ಇವರದು."

ತಲೆಯ ಮೇಲೆ ಕಲ್ಲು ಬಿದ್ದ ಹಾಗಾಯಿತು.

"ಭಾವ, ನಿಮಗೆ ಗೊತ್ತಿತ್ತಾ?"

"ಗೊತ್ತಿಲ್ದೆ ಏನು? ಮಂಡಿ ಆಗಲ್ಲ ಸಾಹೇಬ್ರೇ ಅಂತ ನಾನೇ ಹೇಳಿದ್ದು. ನಿನ್ ಅಕ್ಕ ಹೆದರ್ಕೊಳ್ತಾಳೆ ಅಂತ ಮನೇಲಿ ಬಾಯಿ ಬಿಡ್ಲಿಲ್ಲ, ಸಾಹೇಬ್ರಿಗೂ ಯಾರ ಹತ್ರಾನೂ ಹೇಳ್ಬೇಡಿ ಅಂದಿದ್ದೆ."

"ಮತ್ತೆ ಯಾಕೆ ಆಡಿದ್ರಿ? ಆಗಲ್ಲ ಅಂತ ಒಂದು ಮಾತು ಹೇಳಬಾರದಿತ್ತಾ?"

ಭಾವ ನನ್ನನ್ನೇ ನೋಡಿದರು. "ನೀನು ಚೀಟಿ ಬರ್ದಿದ್ದೆಯಲ್ಲ ಮಾರಾಯ. ನಾನು ಆಡಲ್ಲ ಅಂದ್ರೆ ಊರಲ್ಲಿ ನಿನ್ ಮಾತಿಗೆ ಏನ್ ಬೆಲೆ ಉಳೀತಿತ್ತು?"

ನನ್ನ ಮಾತಿನ ಬೆಲೆ ಉಳಿಸಲು ಒಬ್ಬ ಮನುಷ್ಯ ತನ್ನ ಕಾಲು ಕೊಟ್ಟಿದ್ದಾನೆ. ಆ ಮಾತೋ, ನಾಲ್ಕು ಸಾಲಿನ ಸುಳ್ಳು. ಆಸ್ಪತ್ರೆಯ ವರಾಂಡದಲ್ಲಿ ನಿಂತು ಅತ್ತೆ. ಬರೆಯಲು ನಾಚಿಕೆ ಏನು, ಅತ್ತೆ.

ಪಂದ್ಯ ಸೋತದ್ದಕ್ಕೆ ಯಾರಾದರೂ ತಪ್ಪಿತಸ್ಥರು ಬೇಕಿತ್ತಲ್ಲ? ಮಂಗಳವಾರ ಕಮಿಟಿ ಯೋಸಿಪ್ ಸಾಹೇಬರನ್ನು ತೆಗೆದುಹಾಕಿತು. ಸ್ಟೇಷನ್ನಿಗೆ ಹೋಗಿದ್ದೆ. ರೈಲಿನ ಕಿಟಕಿಯಿಂದ ಅವರು ನಗುತ್ತಾ ಆರು ಬೆರಳು ತೋರಿಸಿದರು.

ನಿನ್ನೆ ಬೆಳಿಗ್ಗೆ ಕುಂಸಿಯಿಂದ ಹಿರಿಯರೊಬ್ಬರು ಬಂದಿದ್ದರು. ಕೈಯಲ್ಲಿ ಒಂದು ಚಿಪ್ಪು ಬಾಳೆಹಣ್ಣು. ಅಳಿಯನಿಗೆ ಭದ್ರಾವತಿಯಿಂದ ಶಿವಮೊಗ್ಗಕ್ಕೆ ವರ್ಗ ಆಗಬೇಕಂತೆ, ನನ್ನದೊಂದು ಚೀಟಿ ಬೇಕಂತೆ.

"ನಿಮ್ಮ ಅಳಿಯನನ್ನು ಕೇಳಿದ್ರಾ?" ಅಂದೆ.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಅವನನ್ನೇನ್ ಕೇಳೋದು ಸ್ವಾಮಿ?"