ದಿಗ್ಬಂಧನಕ್ಕೆ ಒಳಗಾದ ಒಡಪು

ನಮ್ಮ ಅತ್ತೆ ಗಂಡನ ಹೆಸರು ಹೇಳಿದ ಒಂದೇ ಒಂದು ರೆಕಾರ್ಡಿಂಗ್ ನಮ್ಮ ಮನೆಯಲ್ಲಿತ್ತು. ಹೋದ ಮಂಗಳವಾರ ಅದನ್ನು ಕಂಪ್ಯೂಟರ್ ನುಂಗಿತು.

ಅತ್ತೆ ಬೀದರ್ ಕಡೆಯವರು. ಗಂಡನ ಹೆಸರನ್ನು ಪ್ರಾಸದ ಸಾಲಿನಲ್ಲಿ ಸೇರಿಸಿ, ಒಡಪು ಹಾಕಿ ಹೇಳುವುದು ಬಿಟ್ಟರೆ ಬೇರೆ ರೂಢಿಯಿಲ್ಲ (ನಾಸಿಕದ ನಮ್ಮ ನೆರೆಯವರು ಇದನ್ನೇ ಉಖಾಣಾ ಎನ್ನುತ್ತಾರೆ). ನನ್ನ ಸೀಮಂತದ ಕುಬಸದ ದಿನ, ಇದೇ ಪಂಚವಟಿಯ ಮನೆಯಲ್ಲಿ, ಎಲ್ಲರೂ ಗಂಟುಬಿದ್ದಾಗ ನನ್ನ ಕಡೆ ನೋಡಿ ಹೇಳಿದ್ದರು: "ಗೋದಾವರಿ ದಂಡ್ಯಾಗ ಗುಲಾಬಿ ಗಿಡಾ, ಬಸವಂತರಾಯರ ಸಿಟ್ಟು ನೀ ಮನಸಿಗೆ ತಗೋಬ್ಯಾಡಾ."

ಅತ್ತೆ ಹೋಗಿ ಮೂರು ವರ್ಷ. ಬಸವಂತರಾಯರು, ಅಂದರೆ ನಮ್ಮ ಮಾವ, ಅಂದು ರೆಕಾರ್ಡ್ ಮಾಡಿದ್ದನ್ನು ದಿನಾ ಸಂಜೆ ಚಹಾದ ಜೊತೆ ಕೇಳುತ್ತಾರೆ. (ಇನ್ನೊಂದು ಕಾಪಿ ಇಟ್ಟಿರಲಿಲ್ಲವೇ ಎಂದು ಕೇಳಬೇಡಿ. ನೀವು ಇಟ್ಟಿದ್ದೀರಾ?)

ಕಂಪ್ಯೂಟರಿಗೆ ಓಪನ್ ಸೋರ್ಸ್ ಆಂಟಿವೈರಸ್ ಹಾಕಿದವಳು ನಾನೇ. ಬಿಟ್ಟಿ ಸಿಗುತ್ತದೆ, ಜಾಹೀರಾತಿನ ಕಾಟವಿಲ್ಲ, ಮೇಲಾಗಿ ಕನ್ನಡದಲ್ಲೂ ಇದೆ. ಪರರಾಜ್ಯದಲ್ಲಿರುವ ಕನ್ನಡಿಗರಿಗೆ ಇನ್ನೇನು ಬೇಕು? ಎದೆಯುಬ್ಬಿಸಿ ಕನ್ನಡವನ್ನೇ ಆರಿಸಿದ್ದೆ.

ಮಂಗಳವಾರ ಬ್ಯಾಂಕಿನಿಂದ ಬಂದಾಗ ಮಾವ ಕಂಪ್ಯೂಟರ್ ಮುಂದೆ ಕುಳಿತಿದ್ದರು. ಚಹಾ ಆರಿಹೋಗಿತ್ತು.

"ಯವ್ವಾ, ನಿಮ್ಮತ್ತಿ ಮಾತಾಡವಲ್ಲಳು."

"ಏನರೆ ಒತ್ತಿದ್ರೇನ್ರಿ, ಮಾವಾರ?"

"ಈ ಕಡತವನ್ನು ದಿಗ್ಬಂಧನಕ್ಕೆ ಒಳಪಡಿಸಲೇ ಅಂತ ಕೇಳ್ತು. ಹೌದು ಅಂತ ಒತ್ತಿದೆ."

"ಯಾಕ್ರಿ?"

"ಪೂಜಾದಾಗ ದಿಗ್ಬಂಧನ ಮಾಡಂಗಿಲ್ಲೇನು? ಎಂಟೂ ದಿಕ್ಕಿನಿಂದ ಕಾಯತದ. ಆಕಿ ದನಿಗೆ ಏನೂ ಆಗಬಾರದಂತ ಒತ್ತಿದೆ."

ತಿಂಗಳಿಗೊಮ್ಮೆ ಜೀಪಿನಲ್ಲಿ ಇರುಕಿಕೊಂಡು ತ್ರ್ಯಂಬಕೇಶ್ವರಕ್ಕೆ ಹೋಗಿಬರುವ ಮನುಷ್ಯ. ಅವರಿಗೆ ಗೊತ್ತಿರುವ ದಿಗ್ಬಂಧನ ಅದೊಂದೇ. ಸಾಫ್ಟ್‌ವೇರ್ ಮಾತ್ರ ಅತ್ತೆಯ ಫೈಲಿನ ಮೇಲೆ ಸಂಶಯಪಟ್ಟು ಅದನ್ನು ಕ್ವಾರಂಟೈನಿನ ಒಳಗೆ ಹಾಕಿ ಬೀಗ ಜಡಿದಿತ್ತು. ಗಂಡನ ಹೆಸರು ಹೇಳಿದ್ದಕ್ಕೇ ಇಷ್ಟು ಸಂಶಯವೇ?

ಹಾಕಿದ ಬೀಗ ತೆಗೆಯಲು ಒಂದು ಬಟನ್ ಇರಬೇಕಲ್ಲ? ಇಲ್ಲ. 'ಸುಧಾರಿತ ಸಂರಚನೆ' ಎಂಬುದಿತ್ತು. ಕನ್ನಡ ಮೀಡಿಯಮ್ಮಿನಲ್ಲಿ ಓದಿದ ನನಗೂ ಅದೇನೆಂದು ತಿಳಿಯಲಿಲ್ಲ. ಅವರ ಫೋರಮ್ಮಿನಲ್ಲಿ ಕೇಳಿದೆ. ಒಬ್ಬರು, ಮೊದಲು ಕೈಪಿಡಿ ಓದಿ ಎಂದರು. ಇನ್ನೊಬ್ಬರು, ಕೋಡ್ ತೆರೆದೇ ಇದೆಯಲ್ಲ, ಬಟನ್ ನೀವೇ ಸೇರಿಸಿಕೊಳ್ಳಿ ಎಂದರು. ಹಸಿದು ಬಂದವರಿಗೆ ಹೊಲ ತೋರಿಸಿ, ಬಿತ್ತಿಕೊಂಡು ಉಣ್ಣಿ ಎಂದ ಹಾಗಾಯಿತು.

ಎರಡು ದಿನ ಮಾವ ಒಡಪಿಲ್ಲದೆ ಚಹಾ ಕುಡಿದರು. ಒಂದು ಮಾತೂ ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನನಗೆ ಅಡುಗೆಮನೆಯಲ್ಲಿ ಅಳು ಬಂತು.

ಗುರುವಾರ ಫೋರಮ್ಮಿನ ಪುಣ್ಯಾತ್ಮರೊಬ್ಬರು ಬಿಡಿಸಿ ಬಿಡಿಸಿ ಬರೆದು ಕಳಿಸಿದರು. ಕಪ್ಪು ಕಿಟಕಿಯೊಂದನ್ನು ತೆರೆದು, ಅವರು ಹೇಳಿದ ಸಾಲನ್ನು ನಾಲ್ಕು ಸಲ ತಪ್ಪು ಟೈಪ್ ಮಾಡಿದೆ. ಐದನೆಯ ಸಲಕ್ಕೆ ಅತ್ತೆ ಹೊರಗೆ ಬಂದರು. ಮಾವ ಅವತ್ತು ಎರಡು ಕಪ್ ಚಹಾ ಕುಡಿದರು. ನಾನು ಆ ಫೈಲನ್ನು ಮೂರು ಕಡೆ ಕಾಪಿ ಮಾಡಿದೆ.

ಆಮೇಲೆ ಸಿಟ್ಟು ಬಂತು. ಈ ದಿಗ್ಬಂಧನ ಎಂಬ ಪದ ತಂದ ಪಂಡಿತರು ಯಾರು? ಅನುವಾದಕರ ಪಟ್ಟಿ ತೆಗೆದೆ. ಅಲ್ಲಿ ನನ್ನ ಹೆಸರಿತ್ತು.

ಲಾಕ್‌ಡೌನಿನಲ್ಲಿ ಹೊತ್ತು ಹೋಗದೆ, ಯಾವುದೋ ವೆಬ್‌ಸೈಟಿನಲ್ಲಿ ಸಾಲುಸಾಲು ಇಂಗ್ಲಿಷ್ ಪದಗಳಿಗೆ ಕನ್ನಡ ಕೊಟ್ಟಿದ್ದು ನೆನಪಾಯಿತು. ಅಡ್ವಾನ್ಸ್ಡ್ ಕಾನ್ಫಿಗರೇಶನ್ನಿಗೆ ಸುಧಾರಿತ ಸಂರಚನೆ ಎಂದದ್ದೂ ನಾನೇ. (ಆಗ ಬಹಳ ಹೆಮ್ಮೆಪಟ್ಟಿದ್ದೆ.)

ಏನೂ ಗೊತ್ತಿಲ್ಲದವಳಂತೆ ಮಾವನವರನ್ನು ಕೇಳಿದೆ. "ದಿಗ್ಬಂಧನ ಬಿಟ್ಟು ಏನಂತ ಬರೀಬೇಕಿತ್ರಿ?"

"ಕೊಂಡವಾಡ ಅನ್ನಬೇಕು. ಬೀಡಾಡಿ ದನ ಹಿಡಿದು ಕೂಡಿಹಾಕತಾರಲ್ಲ, ಅದು. ಕೊಂಡವಾಡಕ್ಕ ಹಾಕಲೇನು ಅಂತ ಕೇಳಿದ್ರ ನಾ ಯಾಕ ಹೂಂ ಅಂತಿದ್ದೆ?"

ಎಂಥ ಪದ! ಮರಾಠಿಯವರಿಗೂ ತಿಳಿಯುತ್ತದೆ. ಅನುವಾದ ತಂಡಕ್ಕೆ ತಕ್ಷಣ ಕಳಿಸಿದೆ. ಮರುದಿನವೇ ಉತ್ತರ ಬಂತು: 'ಗ್ರಾಮ್ಯ ಪದ. ಹಿಂದಿನ ಅನುವಾದಕರ ಪದವೇ ಪ್ರೌಢವಾಗಿದೆ, ಹಾಗೇ ಇರಲಿ.'

"ಆ ಹಿಂದಿನವರು ಸಿಗಲಿ, ನೋಡ್ಕೋತೀನಿ" ಎಂದು ಮಾವ ಗುರುಗುಟ್ಟುತ್ತಿದ್ದಾರೆ. ಅದು ಯಾರೆಂದು ನಾನಿನ್ನೂ ಹೇಳಿಲ್ಲ. ಹೇಳುವ ದಿನ ಅತ್ತೆಯ ಒಡಪೇ ನನಗೆ ದಿಗ್ಬಂಧನ, ಮಾವನವರ ಅರ್ಥದಲ್ಲಿ.