ಸುಮ್ಮನಿದ್ದಾಗಷ್ಟೇ ಕೈಕೊಡುವ ಕಂಪ್ಯೂಟರ್

ಫೆಬ್ರುವರಿ 10, ಸೋಮವಾರ, ಬೆಳಿಗ್ಗೆ 9:40. ಅಕ್ಕನ ಹಳೆಯ ಕಂಪ್ಯೂಟರಿನ ಪ್ರೊಸೆಸರ್ ವೇಗವನ್ನು 3.6ರಿಂದ 4.1 ಗಿಗಾಹರ್ಟ್ಸ್‌ಗೆ ಏರಿಸಿದ್ದು ಆಗ.

ರಬಕವಿಯ ನಮ್ಮ ಮನೆಯಲ್ಲಿ ಅಪ್ಪ ಕೈಮಗ್ಗ ನೇಯುತ್ತಾರೆ, ಅಕ್ಕ ಕಂಪ್ಯೂಟರಿನಲ್ಲಿ ಸೀರೆಗೆ ಡಿಸೈನ್ ಮಾಡುತ್ತಾಳೆ. ಅಲ್ಲಿಯವರೆಗೆ ಬೇರೆಯವರ ಡಿಸೈನ್ ತಿದ್ದುತ್ತಿದ್ದವಳಿಗೆ ಬನಹಟ್ಟಿಯ ಮಗ್ಗದವರೊಬ್ಬರು ಮೊದಲ ಸಲ ಇಡೀ ಸೆರಗಿನ ಡಿಸೈನನ್ನೇ ವಹಿಸಿದ್ದರು. ಶನಿವಾರ ಸಂಜೆ ಐದರೊಳಗೆ ಫೈಲು ಬರದಿದ್ದರೆ ಹಳೆಯ ಸೆರಗನ್ನೇ ಮಗ್ಗಕ್ಕೆ ಏರಿಸುತ್ತೇವೆ ಎಂದೂ ಹೇಳಿದ್ದರು.

ವೇಗ ಏರಿದರೆ ಬಿಸಿ ಏರುತ್ತದೆ. ಅದಕ್ಕೆ ವೋಲ್ಟೇಜನ್ನು ಎಲ್ಲ ವೇಗಗಳಲ್ಲೂ ಒಂದೇ ಸಮ 90 ಮಿಲಿವೋಲ್ಟ್ ಇಳಿಸಿದೆ. ಕೆಲಸವಿಲ್ಲದಾಗ ಪ್ರೊಸೆಸರ್ ತಾನಾಗಿಯೇ ವೇಗ, ವೋಲ್ಟೇಜ್ ಎರಡನ್ನೂ ತಗ್ಗಿಸಿ ನಿದ್ದೆಗೆ ಜಾರುತ್ತದೆ. ಅದಕ್ಕೂ ಅತಿ ಆಳದ ನಿದ್ದೆಯನ್ನೇ ಕೊಟ್ಟೆ. ಊಟಕ್ಕೆ ಏಳುವಾಗ ಅಪ್ಪ ಮಗ್ಗದ ಹಾಸನ್ನು, ಅಂದರೆ ಉದ್ದನೆಯ ಎಳೆಗಳನ್ನು, ಸಡಿಲಿಸಿಯೇ ಏಳುತ್ತಾರೆ. ನಿಂತದ್ದಕ್ಕೆ ಬಿಗಿ ಬೇಡ ಎಂಬುದನ್ನು ನಾನು ಅಲ್ಲಿಂದಲೇ ಕಲಿತಿದ್ದೆ.

ಎರಡು ತಾಸು ಪೂರ್ತಿ ಭಾರ ಹಾಕಿ ಪರೀಕ್ಷಿಸಿದೆ. 71 ಡಿಗ್ರಿ, ಒಂದೂ ತಪ್ಪಿಲ್ಲ. ಗೆದ್ದೆ ಎಂದು ಬರೆದುಕೊಂಡೆ.

ಮಧ್ಯಾಹ್ನ ಅಕ್ಕ ಚಹಾ ಕುಡಿದು ಬರುವಷ್ಟರಲ್ಲಿ ಅದು ಹ್ಯಾಂಗ್ ಆಗಿತ್ತು. ಗುರುವಾರದವರೆಗಿನ ನನ್ನ ಪಟ್ಟಿ: ಒಟ್ಟು ಹನ್ನೊಂದು ಸಲ, ಕೆಲಸ ನಡೆದಾಗ ಸೊನ್ನೆ, ಸುಮ್ಮನಿದ್ದಾಗ ಹನ್ನೊಂದು. ಸೇವ್ ಮಾಡದೆ ಎದ್ದು ಹೋದದ್ದಕ್ಕೆ ಅವಳು ಸೆರಗಿಗೆ ಬಿಡಿಸುತ್ತಿದ್ದ ಗಿಳಿ ಎರಡು ಸಲ ಬಾಲ ಕಳೆದುಕೊಂಡಿತ್ತು.

“ದುಡಿಯೂಮುಂದ ಛಲೋ ಇರತೈತಿ, ಕುಂತ್ರ ಪ್ರಾಣ ಬಿಡತೈತಿ,” ಎಂದಳು ಅಕ್ಕ. “ನಿನಗ ಪೂರಾ ಉಲ್ಟಾ ನೋಡಲೇ.”

ಹಳೆಯ ವೇಗಕ್ಕೆ ಮರಳಿದರೆ ಶನಿವಾರದೊಳಗೆ ಕೆಲಸ ಮುಗಿಯುವಂತಿರಲಿಲ್ಲ. ಒಂದು ದಿನ ಕೊಡು ಎಂದು ಅವಳನ್ನು ಬೇಡಿಕೊಂಡು, ಅಪ್ಪನಿಗೆ ನನ್ನ ಸಡಿಲದ ಲೆಕ್ಕ ಒಪ್ಪಿಸಿದೆ. ಅವರು ಮಗ್ಗದಿಂದ ತಲೆ ಎತ್ತಲಿಲ್ಲ.

“ಎಷ್ಟ ಸಡ್ಲ ಬಿಟ್ಟಿ? ಎಳಿ ಜೋತುಬಿದ್ರ ಒಂದಕ್ಕೊಂದು ಸಿಕ್ಕ ಹಾಕ್ಕೋತಾವ. ಬಿಗಿ ಇಳಸೂದು ಬ್ಯಾರೆ, ಕೈ ಬಿಡೂದು ಬ್ಯಾರೆ.”

ದುಡಿಯುವಾಗ ವೋಲ್ಟೇಜ್ ಹೆಚ್ಚಿರುತ್ತದೆ, 90 ಕಳೆದರೂ ತಡೆದುಕೊಂಡಿತ್ತು. ಸುಮ್ಮನಿದ್ದಾಗ ಮೊದಲೇ ತೀರ ಕಡಿಮೆ ಇರುತ್ತದೆ. ನಾನು ಅದರಿಂದಲೂ 90 ಕಿತ್ತುಕೊಂಡಿದ್ದೆ. ಶುಕ್ರವಾರ ಬೆಳಿಗ್ಗೆ 90ನ್ನು 30 ಮಾಡಿದೆ, ಆಳದ ನಿದ್ದೆಯನ್ನೂ ಮುಚ್ಚಿದೆ. ಬಿಸಿ 78ಕ್ಕೆ ಏರಿತು, ಏರಲಿ ಎಂದುಕೊಂಡೆ. ಆಮೇಲೆ ಕಂಪ್ಯೂಟರನ್ನು ಬೇಕೆಂದೇ ಸುಮ್ಮನೆ ಬಿಟ್ಟೆವು. ಅಕ್ಕ ಮಾತ್ರ ಐದೈದು ನಿಮಿಷಕ್ಕೆ ಬಂದು ಮೌಸ್ ಅಲುಗಿಸಿ ಜೀವ ಇದೆಯೇ ಎಂದು ನೋಡುತ್ತಿದ್ದಳು. ಹೀಗಾದರೆ ಅದು ಪರೀಕ್ಷೆಯೇ ಅಲ್ಲವೆಂದು ಮೌಸನ್ನೇ ಕಿತ್ತು ಜೇಬಿಗೆ ಹಾಕಿಕೊಂಡೆ. ಮೂರು ತಾಸು, ಹ್ಯಾಂಗ್ ಸೊನ್ನೆ.

ಶನಿವಾರ 4:35ಕ್ಕೆ ಫೈಲು ಬನಹಟ್ಟಿ ಮುಟ್ಟಿತು. ಗಿಳಿ ಛಲೋ ಬಂದೈತಿ, ಏರಸ್ತೀವಿ ಎಂದು ಮಗ್ಗದವರು ಫೋನ್ ಮಾಡಿದರು. ಅವರು ಎರಡನೆಯ ಸೆರಗನ್ನೂ ಕೇಳಿದ್ದಾರೆ.

ಆದರೆ ಅವಸರದಲ್ಲಿ ನಾನು ಎರಡು ಸೆಟ್ಟಿಂಗ್‌ಗಳನ್ನು ಒಟ್ಟಿಗೇ ಬದಲಿಸಿಬಿಟ್ಟೆ. ವಾಸಿಯಾದದ್ದು ವೋಲ್ಟೇಜಿನಿಂದಲೋ ನಿದ್ದೆ ಮುಚ್ಚಿದ್ದರಿಂದಲೋ ತಿಳಿಯದು, ಒಂದೊಂದಾಗಿ ಪರೀಕ್ಷಿಸೋಣವೆಂದರೆ ಅಕ್ಕ ಹತ್ತಿರ ಬಿಡುತ್ತಿಲ್ಲ. ಬಲ್ಲವರು ಯಾರಾದರೂ ಇದ್ದರೆ ನನಗೊಂದು ಸಾಲು ಬರೆಯಿರಿ.