ಪಾಯಸದವರು ಕಲಿಸಿದ ಉಪಾಯ

ಬ್ರಹ್ಮಾವರದ ಮದುವೆಯೊಂದರಲ್ಲಿ ಊಟಕ್ಕೆ ಕುಳಿತಿದ್ದೆ. ಎರಡನೇ ಸಲ ಬಂದ ಪಾಯಸ ಬೇಡವೆಂದು ಎಲೆಯ ಮೇಲೆ ಕೈ ಅಡ್ಡ ಹಿಡಿದಾಗಲೇ ಪಕ್ಕದಲ್ಲಿಟ್ಟಿದ್ದ ಫೋನ್ ಟಣ್ ಎಂದಿತು. ಎಂದೋ ಸೇರಿ ಮರೆತಿದ್ದ ಯೋಗದ ಆಪ್, ನಾಳೆ ನನ್ನ ಕಾರ್ಡಿನಿಂದ ಇಡೀ ವರ್ಷದ ದುಡ್ಡು ಕಡಿತ ಮಾಡಲಿದೆಯಂತೆ!

ಎಡಗೈಯಲ್ಲೇ ರದ್ದು ಮಾಡಲು ಹೊರಟೆ. ‘ನಿಜವಾಗಿಯೂ ಹೋಗುತ್ತೀರಾ?’ ಎಂದು ಕೇಳಿತು. ಹೌದೆಂದೆ. ‘ಅರ್ಧ ಬೆಲೆಗೆ ಕೊಟ್ಟರೆ ಇರುತ್ತೀರಾ?’ ಎಂದು ಅಳುವ ಗೊಂಬೆಯೊಂದನ್ನು ತೋರಿಸಿತು. ಪಾಪ ಅನ್ನಿಸಿ ಬೆರಳು ಅಲ್ಲೇ ನಿಂತಿತು. ಕಳೆದ ವರ್ಷವೂ ಈ ಗೊಂಬೆಗೇ ಸೋತಿದ್ದೆ.

ಪಾಯಸದ ಬಕೆಟ್ ಹಿಡಿದು ನಿಂತಿದ್ದವರು ನನ್ನ ಫೋನಿಗೆ ಬಗ್ಗಿ ನೋಡಿ ನಕ್ಕರು. “ಹ್ವಾಯ್ ಅಕ್ಕಾ, ಬರೀ ಬ್ಯಾಡ ಅಂದ್ರೆ ಯಾರ್ ಬಿಡ್ತ್ರ್? ಮುಖ ಕಾಂಬುಕಾಗ, ಕೈ ಅಡ್ಡ ಹಿಡುಕ್!”

ಸರಿ, ಮುಖ ನೋಡಬಾರದು ತಾನೇ? ಎಲೆಯ ಮೇಲಿದ್ದ ಎಂಜಲು ಕೈಯನ್ನು ಹಾಗೇ ಎತ್ತಿ, ಗೊಂಬೆಯ ಮುಖ ಕಾಣದಂತೆ ಫೋನಿಗೆ ಅಡ್ಡ ಹಿಡಿದೆ. ಎಡಗೈಯಿಂದ ಕೆಳಗಿನ ‘ಬೇಡ’ ಗುಂಡಿ ಒತ್ತಿಯೇಬಿಟ್ಟೆ. ರದ್ದಾಯಿತು! “ಆಯ್ತ್!” ಎಂದು ಕೂಗಿ ತಿರುಗಿದರೆ, ಕೈ ಸರಿದ ಎಲೆಯ ಮೇಲೆ ಎರಡು ಸೌಟು ಪಾಯಸ! ಇಡೀ ಪಂಕ್ತಿ ನಗುತ್ತಿತ್ತು.

ಈಗ ಯಾವ ಆಪ್ ಬಿಡುವಾಗಲೂ ನನ್ನ ಬಲಗೈ ತಾನಾಗಿ ಅಡ್ಡ ಬರುತ್ತದೆ, ಎಡಗೈ ಒತ್ತುತ್ತದೆ. ಊಟದ ಎಲೆಯ ಮುಂದೆ ಮಾತ್ರ ಫೋನ್ ತೆಗೆಯುವುದಿಲ್ಲ.